ಕರೆಯದೆ ಇಕ್ಕದ ಸಿದ್ದಯ್ಯ

ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳ ನಡುವೆ ಬೆಳೆದ ಸಿದ್ದಯ್ಯ ಇಲಿಗಳ ಉಸ್ತುವಾರಿಗೆ ಬಿದ್ದದ್ದು ಆಕಸ್ಮಿಕ. ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಪ್ರಯೋಗಾಲಯಕ್ಕೆ ಅಟೆಂಡರ್ ಆಗಿ ಸೇರಿದ ದಿನ, ಫೈಲು ಹೊರುವ ಕೆಲಸವೆಂದೇ ಅವನು ತಿಳಿದಿದ್ದ. ಬಾಗಿಲು ತೆಗೆದರೆ ಒಳಗೆ ಇನ್ನೂರು ಬಿಳಿ ಇಲಿಗಳಿದ್ದವು.

"ನಮ್ಮೂರಲ್ಲಿ ಇವಕ್ಕೆ ಬೋನು ಮಡಗ್ತೀವಿ. ಅಲ್ಲಿ ಫ್ಯಾನ್ ಹಾಕವ್ರೆ ಕಣಮ್ಮಿ" ಎಂದು ಹೆಂಡತಿ ಮಂಗಳಮ್ಮನಿಗೆ ಹೇಳಿದ. ಆಕೆ ಅವನ ಬಟ್ಟೆಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದಳು.

ಅದಾಗಿ ಹದಿನಾಲ್ಕು ವರ್ಷ. ವಾರವೆಲ್ಲ ಮೈಸೂರಿನ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಊರಿನ ಬಸ್ಸು, ಸೋಮವಾರ ಬೆಳಿಗ್ಗೆ ಮತ್ತೆ ಇಲಿಗಳು. ತಾಯಿಯ ಹಾಲು ಬಿಟ್ಟ ಮರಿಗಳನ್ನು ಬೇರೆ ಮಾಡುವುದು, ಗೂಡಿನ ಹೊಟ್ಟು ಬದಲಿಸುವುದು, ತೂಕ ಬರೆದಿಡುವುದು, ಎಲ್ಲವೂ ಅವನದೇ. ಕೆಲಸ ಮುಗಿದ ಮೇಲೆ ಇಲಿಗಳು ಉಳಿಯುವುದಿಲ್ಲವೆಂಬುದೂ ಅವನಿಗೆ ಗೊತ್ತಿತ್ತು. ಅದರೊಂದಿಗೆ ಅವನು ಹೇಗೋ ರಾಜಿ ಮಾಡಿಕೊಂಡಿದ್ದ.

ಆ ವರ್ಷ, ಅಂದರೆ 2004ರಲ್ಲಿ, ಅಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ಪಿರಿಯಾಪಟ್ಟಣದ ರಾಣಿ. ಅವಳ ವಿಷಯ ಡೋಪಮೈನ್. ಅದೇನೆಂದು ಸಿದ್ದಯ್ಯ ಕೇಳಿದಾಗ ಅವಳು ಸ್ಟೂಲ್ ಎಳೆದುಕೊಂಡು ಕೂತು ವಿವರಿಸಿದ್ದಳು. ಅದು ಮಿದುಳಿನಲ್ಲಿ ಒಸರುವ ಒಂದು ರಸ. ನೆನೆಸದೆ ಒಳ್ಳೆಯದೇನಾದರೂ ಸಿಕ್ಕರೆ ಅದು ಚಿಮ್ಮುತ್ತದೆ. ಆದರೆ ಒಳ್ಳೆಯದು ಬರುವ ಸುಳಿವು ಪರಿಚಯವಾದ ಮೇಲೆ ಸುಳಿವಿಗೇ ಚಿಮ್ಮುತ್ತದೆ; ಸಿಕ್ಕಾಗ ಸುಮ್ಮನಿರುತ್ತದೆ.

"ಸರಿ ಬುಡಿ" ಎಂದ ಸಿದ್ದಯ್ಯ. "ನಮ್ಮಪ್ಪ ಸಂತೆಯಿಂದ ಬರೋವಾಗ ಏರಿ ಮ್ಯಾಲೆ ಚೀಲ ಕಂಡ್ರೆ ಸಾಕು, ನಾವು ಕುಣೀತಿದ್ವು. ಕಡ್ಲೆಪುರಿ ತಿನ್ನೋವಾಗ ಜಗಳಾನೇ ಆಡ್ತಿದ್ವು."

"ಇಷ್ಟನ್ನ ಬರೆಯೋಕೆ ನನಗೆ ನಲವತ್ತು ಪುಟ ಬೇಕಾಯ್ತು ಸಿದ್ದಣ್ಣ."

ಅವಳ ಪ್ರಯೋಗ ಸರಳವಾಗಿತ್ತು. ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಒಂದು ಇಲಿ. ಸಣ್ಣ ದೀಪ ಹತ್ತುತ್ತದೆ. ಪರದೆಯ ಹಿಂದಿನಿಂದ ಸಿದ್ದಯ್ಯ ಕೊಳವೆಯಲ್ಲಿ ತಿಂಡಿಯ ಕಾಳು ಬಿಡುತ್ತಾನೆ. ಅದು ತಟ್ಟೆಗೆ ಬೀಳುತ್ತದೆ. ಪಕ್ಕದ ಕೋಣೆಯ ಗಾಜಿನ ಹಿಂದೆ ರಾಣಿ ಸ್ಟಾಪ್‌ವಾಚ್ ಹಿಡಿದು ಕೂರುತ್ತಾಳೆ. ಶನಿವಾರ ಮಧ್ಯಾಹ್ನ ಪರೀಕ್ಷೆ. ಆಗ ಬರಿಯ ದೀಪ ಹತ್ತಿಸಿದರೂ ಇಲಿ ತಟ್ಟೆಯತ್ತ ಓಡಬೇಕು. ಹಾಗೆ ಕಲಿತ ಇಲಿಗಳ ಮಿದುಳಿನ ರಸವನ್ನಷ್ಟೇ ಮುಂದೆ ಅಳೆಯುವುದು.

ಹನ್ನೆರಡು ಇಲಿಗಳಲ್ಲಿ ಒಂದೂ ಕಲಿಯಲಿಲ್ಲ. ಮೂರು ಶನಿವಾರ ದೀಪ ಹತ್ತಿತು, ಆರಿತು. ಇಲಿಗಳು ಮೀಸೆ ತೀಡಿಕೊಂಡು ಕೂತಿದ್ದವು. ಪ್ರಯೋಗಾಲಯದ ಮುಖ್ಯಸ್ಥ ಪ್ರೊಫೆಸರ್ ಶಶಿಕುಮಾರ್ ರಾಣಿಯ ದಾಖಲೆ ಪುಸ್ತಕ ಮುಚ್ಚಿ, "ಈ ತಂಡದಿಂದ ಪ್ರಯೋಜನವಿಲ್ಲ. ಸೋಮವಾರ ತೆಗೆದುಬಿಡಿ, ಹೊಸದರಿಂದ ಶುರು ಮಾಡೋಣ" ಎಂದರು.

ಊರಿನಲ್ಲಿ ರಾಣಿಯ ಫೋನಿನಿಂದ ಸುದ್ದಿ ಕೇಳಿದ ಸಿದ್ದಯ್ಯ ಆ ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕಲಿತು, ಕೆಲಸ ಮುಗಿಸಿ ಹೋಗುವುದು ಒಂದು. ದಡ್ಡವೆನ್ನಿಸಿಕೊಂಡು ಹೋಗುವುದು ಇನ್ನೊಂದು. ಆ ಹನ್ನೆರಡನ್ನೂ ಕಣ್ಣು ಬಿಡದ ದಿನದಿಂದ ಸಾಕಿದವನು ಅವನು.

ಪರೀಕ್ಷೆ ಮುಗಿಸಿ ಮನೆಗೆ ಹೋಗಿದ್ದ ರಾಣಿ ಭಾನುವಾರ ಪಿರಿಯಾಪಟ್ಟಣದಿಂದ ಮೈಸೂರಿಗೆ ಹಿಂದಿರುಗುತ್ತ ಸಿದ್ದಯ್ಯನ ಊರಿನಲ್ಲಿ ಇಳಿದಳು. ಅವರೆಕಾಳಿನ ದಿನಗಳಲ್ಲಿ ಒಮ್ಮೆ ಬಂದು ಹೋಗೆಂದು ಮಂಗಳಮ್ಮ ಎಷ್ಟೋ ಸಲ ಹೇಳಿ ಕಳಿಸಿದ್ದಳು. ಊಟದ ಹೊತ್ತಿನಲ್ಲಿ ಯಾರೂ ಇಲಿಗಳ ಮಾತೆತ್ತಲಿಲ್ಲ.

ಕೈ ತೊಳೆಯಲು ಹಿತ್ತಲಿಗೆ ಬಂದ ರಾಣಿ, ಕೊಟ್ಟಿಗೆಯ ಹಸುವಿಗೆ ಒಂದು ಹಿಡಿ ಹಸಿಹುಲ್ಲು ಚಾಚಿದಳು. ಹಸು ಅವಳನ್ನು ನೋಡಿತು, ಹುಲ್ಲನ್ನು ಮುಟ್ಟಲಿಲ್ಲ.

"ಅದು ತಿನ್ನಕ್ಕಿಲ್ಲ ಕಣವ್ವ" ಎಂದಳು ಮಂಗಳಮ್ಮ. "ಇವ್ರು ಬಂದು ಕರೀಬೇಕು. ಓದ್ ವರ್ಸ ಜ್ವರ ಬಂದು ಮಲಗಿದ್ರು. ನಾನು ಮೇವು ಹಾಕುದ್ರೆ, ಇವಳ್ಯಾವಳು ಅನ್ನೋ ಅಂಗೆ ನೋಡ್ತಿತ್ತು. ಕಟ್ಕಂಡೋಳು ನಾನು, ದೌಲತ್ತು ಇದುರ್ದು."

ಸಿದ್ದಯ್ಯ ಬಂದ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಡಿಸಿ 'ಟೊಕ್ ಟೊಕ್' ಎಂದು ಮೆಲ್ಲಗೆ ಸದ್ದು ಮಾಡಿದ. ಹುಲ್ಲು ಇನ್ನೂ ರಾಣಿಯ ಕೈಯಲ್ಲೇ ಇತ್ತು. ಹಸು ಆಗಲೇ ಮೇವಿನ ಗೋದಲಿಗೆ ಮೂತಿ ಇಟ್ಟಿತ್ತು.

ರಾಣಿ ಕೈ ಕೆಳಗಿಳಿಸಿದಳು. "ಸಿದ್ದಣ್ಣ, ಇಲಿಗಳಿಗೂ ಹೀಗೇ ಮಾಡ್ತೀರಾ?"

"ಮತ್ತೆ? ಊಟಕ್ಕೆ ಕರೀದೆ ಯಾರಾದ್ರೂ ಎಲೆ ಹಾಕ್ತಾರಾ?"

"ಪರದೆ ಹಿಂದೆ, ಕಾಳು ಬಿಡುವಾಗಲೂ?"

"ಬಾಯಿ ತಾನಾಗೇ ಮಾಡ್ತದೆ ಕಣವ್ವ. ಯಾಕೆ?"

ಅವಳು ಗೋದಲಿಯ ಕಟ್ಟೆಯ ಮೇಲೆ ಕುಳಿತೇಬಿಟ್ಟಳು. ಗಾಜಿನ ಆಚೆ ಕೂತು, ಎಕ್ಸಾಸ್ಟ್ ಫ್ಯಾನಿನ ಗದ್ದಲದಲ್ಲಿ ತನಗೆ ಕೇಳದಿದ್ದ ಸದ್ದು ಇಲಿಗಳಿಗೆ ಕೇಳಿತ್ತು. ಹುಟ್ಟಿದಾಗಿನಿಂದ ಅವಕ್ಕೆ ಊಟದ ಸುಳಿವೆಂದರೆ ಅದೇ. ಇಷ್ಟು ಖಚಿತವಾದ ಸುದ್ದಿ ಮೊದಲೇ ಕಿವಿಗೆ ಬಿದ್ದಿರುವಾಗ ದೀಪವನ್ನು ಯಾರು ಗಮನಿಸುತ್ತಾರೆ? ಸಿದ್ದಯ್ಯ ಊರಿಗೆ ಹೊರಟ ಮೇಲಷ್ಟೇ ಪರೀಕ್ಷೆ ನಡೆಯುತ್ತಿತ್ತು. ಆಗ ಕರೆಯುವವರೇ ಇರಲಿಲ್ಲ.

ಎಲ್ಲವನ್ನೂ ಕೇಳಿದ ಸಿದ್ದಯ್ಯನ ಮುಖ ಸಣ್ಣಗಾಯಿತು. "ಅಂದ್ರೆ ಅವುನ್ನ ನಾನೇ ಕೆಡಿಸ್ದೆ ಅನ್ನಿ."

"ಕೆಡಿಸಿಲ್ಲ. ನಾನು ಪಾಠ ಶುರು ಮಾಡೋಷ್ಟರಲ್ಲಿ ನೀವು ಸಿಲಬಸ್ಸೇ ಮುಗಿಸಿಬಿಟ್ಟಿದ್ರಿ."

ಸೋಮವಾರ ಇಬ್ಬರೂ ಒಟ್ಟಿಗೇ ಪ್ರೊಫೆಸರ ಮುಂದೆ ನಿಂತು ನಡೆದದ್ದನ್ನು ಹೇಳಿದರು. ಅವರು ಸಿಟ್ಟಾಗಲಿಲ್ಲ; ಕನ್ನಡಕ ತೆಗೆದು ಒರೆಸಿದರು. "ಇದು ನಿಜವಾದರೆ ಈ ತಂಡ ಬಂಗಾರ. ಮೊದಲೇ ಸುಳಿವು ಗೊತ್ತಿದ್ದವು ಹೊಸ ಸುಳಿವನ್ನು ಕಲಿಯೋದಿಲ್ಲ ಅನ್ನೋದನ್ನೇ ಇವುಗಳ ಮಿದುಳಲ್ಲಿ ನೋಡಬಹುದು. ಆದರೆ ನಿಜ ಅನ್ನೋದಕ್ಕೆ ಸಾಕ್ಷಿ ಬೇಕಲ್ಲ."

ಮೊದಲ ಇಲಿಯನ್ನು ಪೆಟ್ಟಿಗೆಗೆ ಬಿಟ್ಟರು. ಪ್ರೊಫೆಸರು ಪರದೆಯ ಹಿಂದೆ ಹೋಗಿ ತಾವೇ ನಾಲಿಗೆ ಲೊಟಕಿಸಿದರು. ಇಲಿ ಬಾಲ ನೆಕ್ಕಿಕೊಂಡಿತು. ರಾಣಿ ಪ್ರಯತ್ನಿಸಿದಳು, ಅದು ಅತ್ತ ತಿರುಗಿಯೂ ನೋಡಲಿಲ್ಲ.

"ಈಗ ನೀವು ಕರೀರಿ ಸಿದ್ದಯ್ಯ. ದೀಪ ಬೇಡ, ಕಾಳೂ ಬೇಡ."

ಸಿದ್ದಯ್ಯ ಅಲುಗಲಿಲ್ಲ. "ಕಾಳು ಬ್ಯಾಡ್ವಾ ಸಾ?"

"ಕಾಳು ಬಿದ್ದರೆ ವಾಸನೆಗೆ ಬಂತು ಅಂತಾರೆ."

"ಅಸ್ಕಂಡಿರೋ ಪ್ರಾಣಿ ಸಾ. ಕರ್ದು ಬರೀ ತಟ್ಟೆ ತೋರ್ಸಾದು ಎಂಗೆ? ನಂಗೆ ಈ ವಯಸ್ಸಿನ ತಂಕ ಆ ಕೆಲ್ಸ ಮಾಡಿ ಗೊತ್ತಿಲ್ಲ."

"ಹಾಗಾದರೆ ಇವತ್ತು ತಂಡವನ್ನು ತೆಗೀಬೇಕಾಗುತ್ತೆ" ಎಂದರು ಪ್ರೊಫೆಸರು. ಗದರಿಕೆಯ ದನಿಯಲ್ಲ, ಇದ್ದ ಸಂಗತಿ ಅಷ್ಟೇ.

ಸಿದ್ದಯ್ಯ ಪರದೆಯ ಹಿಂದೆ ಹೋದ. ಆಮೇಲೆ 'ಟೊಕ್ ಟೊಕ್' ಕೇಳಿಸಿತು. ಇಲಿ ಒಂದೇ ಓಟದಲ್ಲಿ ಬಂದು ಖಾಲಿ ತಟ್ಟೆಯ ಅಂಚಿಗೆ ಮುಂಗಾಲು ಊರಿ ನಿಂತಿತು, ಮೂಸಿತು, ತಲೆಯೆತ್ತಿ ಕೊಳವೆಯ ಬಾಯನ್ನು ನೋಡುತ್ತಲೇ ಇತ್ತು. ಪರದೆಯ ಸಂದಿಯಿಂದ ಅದನ್ನು ಕಂಡ ಸಿದ್ದಯ್ಯ, ಎರಡನೆಯದರಿಂದ ಕಣ್ಣು ಮುಚ್ಚಿಕೊಂಡೇ ಕರೆದ. ಹನ್ನೆರಡರಲ್ಲಿ ಹನ್ನೊಂದು ಓಡಿ ಬಂದವು. ಹನ್ನೆರಡನೆಯದು ನಿದ್ದೆ ಹೋಗಿತ್ತು.

ಪ್ರೊಫೆಸರು ಸೋಮವಾರದ ಆದೇಶವನ್ನು ಹೊಡೆದುಹಾಕಿ, ಗೂಡುಗಳಿಗೆ ಹೊಸ ಚೀಟಿ ಬರೆದರು. "ಇನ್ನೊಂದು ಗಂಟೆ ಏನೂ ಕೊಡಬೇಡಿ ಸಿದ್ದಯ್ಯ. ಬರೀ ತಟ್ಟೆ ನೋಡಿದ ಮೇಲೆ ಏನು ಮಾಡ್ತವೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ."

"ಆಗ್ಲಿ ಸಾ" ಎಂದ ಸಿದ್ದಯ್ಯ, ಗೋಡೆ ಗಡಿಯಾರದ ಕೆಳಗೆ ಸ್ಟೂಲ್ ಹಾಕಿ ಕೂತ. ಎರಡು ನಿಮಿಷಕ್ಕೊಮ್ಮೆ ಎದ್ದು ಗೂಡುಗಳ ಮುಂದೆ ಹೋಗಿ ಬಂದ. ಕೊನೆಗೆ ಕಾಳಿನ ಡಬ್ಬಿ ತೆಗೆದ. ಒಂದು ಗೂಡಿಗೆ ಹಾಕಿ ಎರಡನೆಯದರತ್ತ ತಿರುಗಿದಾಗ ಪ್ರೊಫೆಸರು ಬಾಗಿಲಲ್ಲಿ ನಿಂತಿದ್ದರು. ಡಬ್ಬಿ ಹಿಡಿದ ಕೈ ಅಲ್ಲೇ ನಿಂತಿತು.

ಅವರು ಗಡಿಯಾರ ನೋಡಿ, ಜೇಬಿನಿಂದ ಪೆನ್ನು ತೆಗೆದು ರಾಣಿಯ ಪುಸ್ತಕದಲ್ಲಿ ಒಂದು ಗಂಟೆ ಎಂದಿದ್ದುದನ್ನು ಹೊಡೆದು 'ಹದಿನೆಂಟು ನಿಮಿಷ' ಎಂದು ಬರೆದರು.

"ಉಳಿದವಕ್ಕೂ ಈಗಲೇ ಹಾಕಿ" ಎಂದರು. "ಎಲ್ಲಕ್ಕೂ ಒಂದೇ ಸಮಯ ಇರಬೇಕು."