ಹನ್ನೊಂದು ಗಂಟೆಯ ಹತ್ತು ನಿಮಿಷ

ಕಳೆದ ವಾರ ಕಿಟಕಿಯ ಗ್ರಿಲ್ ಬದಲಿಸುವವರು ಬಂದಿದ್ದರು. ನವಿ ಮುಂಬಯಿಯ ನೆರೂಳದ ಉಪ್ಪು ಗಾಳಿಗೆ ಕಬ್ಬಿಣ ಹತ್ತು ವರ್ಷ ಬಾಳಿದರೆ ಹೆಚ್ಚು. ನಮ್ಮದು ಹೇಗೋ ಹದಿನೈದು ಎಳೆದಿತ್ತು. ಹಳೆಯ ಗ್ರಿಲ್ಲಿನೊಳಗಿದ್ದ ತುಳಸಿ ಕುಂಡ, ಒಡೆದ ಬಕೆಟ್, ಮಗನ ಹಳೇ ಕ್ರಿಕೆಟ್ ಬ್ಯಾಟು ಎಲ್ಲವನ್ನೂ ಒಂದೊಂದಾಗಿ ಒಳಗೆ ಕೊಡುತ್ತಿದ್ದ ಕೆಲಸದವನು ಕೊನೆಗೆ ಒಂದು ಸ್ಟೀಲ್ ಗ್ಲಾಸು ಎತ್ತಿ, ಇದು ಬೇಕೋ ಬಿಸಾಡಲೋ ಎಂದು ಹಿಂದಿಯಲ್ಲಿ ಕೇಳಿದ. ಕುಂಡದ ಹಿಂದೆ ಬೋರಲಾಗಿ ಇತ್ತು. ಅದನ್ನು ಎತ್ತಿದ ಜಾಗದಲ್ಲಿ ಕಿಟಕಿಯ ಕಲ್ಲು ದುಂಡಗೆ, ಧೂಳಿಲ್ಲದೆ ಕಪ್ಪಗೆ ಹೊಳೆಯುತ್ತಿತ್ತು. ಬೇಕು ಎಂದೆ. ಕೈಗೆ ತೆಗೆದುಕೊಂಡ ಮೇಲೆ ಎಲ್ಲಿಡಬೇಕೆಂದು ತಿಳಿಯದೆ ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಅದು ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕಾಕಾ ಚಹಾ ಕುಡಿಯುತ್ತಿದ್ದ ಗ್ಲಾಸು.

ಅವರ ವಿಷಯ ಹೇಳಬೇಕಾದರೆ ನನ್ನ ಕಿವಿಯಿಂದ ಸುರು ಮಾಡಬೇಕು. ಐದಾರು ವರ್ಷಗಳ ಹಿಂದೆ ನನ್ನ ಎಡಗಿವಿಯಲ್ಲಿ ಒಂದು ಸದ್ದು ಹುಟ್ಟಿಕೊಂಡಿತು. ಕುಕ್ಕರ್ ಸೀಟಿ ಹೊಡೆಯುವ ಮೊದಲು ಸುಯ್ಯೆನ್ನುತ್ತದಲ್ಲ, ಅಂಥದೇ ಸದ್ದು; ಆದರೆ ಈ ಕುಕ್ಕರ್ ಸೀಟಿ ಹೊಡೆಯುವುದೇ ಇಲ್ಲ. ವಾಶಿಯ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಇದಕ್ಕೆ ಔಷಧಿ ಇಲ್ಲ, ಅಭ್ಯಾಸ ಮಾಡಿಕೊಳ್ಳಿ, ಮೆಡಿಟೇಶನ್ ಮಾಡಿ ಎಂದು ಕಳಿಸಿದರು. ಮಗ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟ. ಅದರೊಳಗಿನ ಹೆಂಗಸು ಬೆಣ್ಣೆಯಂಥ ದನಿಯಲ್ಲಿ, ನೀವೀಗ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನು ಹುಟ್ಟಿ ಬೆಳೆದದ್ದೇ ಉಡುಪಿ ಕಡೆಯ ಸಮುದ್ರದ ಬದಿಯಲ್ಲಿ. ದಂಡೆ ಎಂದರೆ ನನಗೆ ಒಣಮೀನಿನ ವಾಸನೆ. ಮೂರನೆಯ ದಿನಕ್ಕೆ ಅವಳ ಬಾಯಿ ಮುಚ್ಚಿಸಿದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ, ನೀರಿನ ಟ್ಯಾಂಕಿ ತುಂಬಿ ಹರಿಯುತ್ತಿದೆ ಎಂದು ಹೇಳಲು ಪಂಪ್‌ರೂಮಿಗೆ ಹೋದೆ. ಕಾಕಾ ಇರುತ್ತಿದ್ದದ್ದು ಅಲ್ಲೇ, ಪಂಪಿನ ಪಕ್ಕದ ಎರಡಾಳುದ್ದದ ಜಾಗದಲ್ಲಿ. ಎರಡು ಗಂಟೆಗೆ ಅವರ ಊಟದ ಅರ್ಧ ಗಂಟೆ. ಗೋಣಿಚೀಲ ಮಡಚಿ ಹಾಕಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದರು. ನಿದ್ದೆ ಎಂದುಕೊಂಡೆ. ಆದರೆ ನಿದ್ದೆ ಹೋದವರ ಕುತ್ತಿಗೆ ಅಷ್ಟು ನೆಟ್ಟಗೆ ಇರುವುದಿಲ್ಲ. ನೋಡಿ ನೋಡಿ, ಇದೆಂತ ಅವಸ್ಥೆ ಎಂದು ನನ್ನಷ್ಟಕ್ಕೆ ಕನ್ನಡದಲ್ಲಿ ಗೊಣಗಿದೆ. ಅವರು ಕಣ್ಣು ಬಿಟ್ಟರು.

"ನಿದ್ದಿ ಅಲ್ರಿ ಅಕ್ಕಾರ, ಉಸರು ನೋಡ್ಲಿಕತ್ತಿದ್ದೆ" ಎಂದರು.

ನಾಲ್ಕು ವರ್ಷ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿಕೊಂಡು ಬಂದಿದ್ದೆವು! ಅವರು ಕಲಬುರಗಿ ಕಡೆಯವರು. ಇಪ್ಪತ್ತು ವರ್ಷ ವಾಶಿಯ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೀಲ ಹೊತ್ತು ಬೆನ್ನು ಕಳೆದುಕೊಂಡಿದ್ದರು. ಮುಂಬಯಿ ಪಕ್ಕದ ಕಲ್ಯಾಣದಲ್ಲಿದ್ದ ಅವರ ಭಾವ ಒಂದು ಭಾನುವಾರ ಅಲ್ಲಿಯ ಬುದ್ಧವಿಹಾರಕ್ಕೆ ಕರೆದುಕೊಂಡು ಹೋದರಂತೆ; ಅಲ್ಲಿ ಧ್ಯಾನಕ್ಕೆ ಕೂರಲು ಕಲಿತರಂತೆ. ನೋವು ಹೋಗಲಿಲ್ಲ, ಆದರೆ ನೋವಿನ ಜೊತೆ ಜಗಳ ಹೋಯಿತು ಎಂದರು. ಅವರ ತಲೆಯ ಮೇಲಿನ ಹಲಗೆಯಲ್ಲಿ ಬುದ್ಧನ ಸಣ್ಣ ಮೂರ್ತಿ ಇತ್ತು. ಅದರ ಪಕ್ಕದಲ್ಲಿ ನೀಲಿ ಕೋಟು ತೊಟ್ಟವರ ಫೋಟೋ.

ಫೋಟೋ ನೋಡಿ ನನಗೆ ಅರ್ಥವಾಗಬೇಕಾದ್ದು ಅರ್ಥವಾಯಿತು. ಅದುವರೆಗೆ ಅವರಿಗೆ ಚಹಾ ಕೊಡುತ್ತಿದ್ದದ್ದು ಕೈಗೆ ಸಿಕ್ಕಿದ ಗ್ಲಾಸಿನಲ್ಲಿ. ಮರುದಿನದಿಂದ ಒಂದು ಗ್ಲಾಸು ಕಿಟಕಿಯ ಕಲ್ಲಿನ ಮೇಲೆ ಖಾಯಂ ಆಯಿತು. ಅಲ್ಲೇ ಇದ್ದರೆ ಕೊಡಲು ಅನುಕೂಲ ಎಂದು ನನಗೆ ನಾನೇ ಹೇಳಿಕೊಂಡೆ. ಮುಂಬಯಿಗೆ ಬಂದು ಇಪ್ಪತ್ತು ವರ್ಷವಾದ, ಲೋಕಲ್ಲಿನಲ್ಲಿ ಯಾರ ಮೈಗೆ ಮೈ ತಾಗಿಸಿಯೂ ನಿಲ್ಲಬಲ್ಲ ಹೆಂಗಸು ನಾನು... ಆದರೂ ಇಟ್ಟೆ. ಕಾಕಾ ಕುಡಿದ ಮೇಲೆ ಹೂದೋಟದ ನಲ್ಲಿಯಲ್ಲಿ ತಾವೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದರು. ಮೊದಲು ಹಾಗೆ ತೊಳೆಯುತ್ತಿರಲಿಲ್ಲ.

ಇಂಥ ನಾನು ಅವರನ್ನು, ನನಗೂ ಕೂರಲು ಕಲಿಸಿ ಎಂದು ಕೇಳಿದೆ. ಗರಜು ನನ್ನದು, ನಾಚಿಕೆ ಎಲ್ಲಿಂದ ಬರಬೇಕು?

ಅವರು ಎರಡು ಗಂಟೆಗೆ ಎಂದರು. ಎರಡಕ್ಕೆ ನಮ್ಮವರು ಬೇಲಾಪುರದ ಹೋಟೆಲಿನಿಂದ ಊಟಕ್ಕೆ ಬರುತ್ತಾರೆ, ಮಗ ಕಾಲೇಜಿನಿಂದ ಬರುತ್ತಾನೆ. ನನಗೆ ಪುರುಸೊತ್ತು ಇರುವುದು ಹನ್ನೊಂದಕ್ಕೆ. ಒಳಗೆ ಕರೆದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ನಮ್ಮದು ನೆಲಮಹಡಿ; ಹಾಗಾಗಿ ನಾನು ಕಿಟಕಿಯ ಒಳಗೆ ಚಾಪೆ ಹಾಕಿಕೊಳ್ಳುವುದು, ಅವರು ಹೊರಗೆ ಕುರ್ಚಿ ತಂದು ಹಾಕಿಕೊಳ್ಳುವುದು ಎಂದು ನಾನೇ ಏರ್ಪಾಡು ಮಾಡಿದೆ. ಅವರು ಗೇಟಿನ ಕಡೆ ನೋಡಿದರು.

"ಆ ಟೈಮಿಗಿ ಡ್ಯೂಟಿ ಅದರಿ ಅಕ್ಕಾರ."

"ಹತ್ತು ನಿಮಿಷಕ್ಕೆ ಎಂತ ಆಗ್ತದೆ ಕಾಕಾ? ಈ ಗೇಟಿಗೆ ಕಳ್ಳ ಬರ್ಲಿಕ್ಕುಂಟಾ?" ಎಂದೆ.

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ, ಆ ಸದ್ದಿನ ಜೊತೆಗೇ.

ಕೂರುವ ಮೊದಲು ಐದು ಮಾತು ಹೇಳಿಕೊಳ್ಳಬೇಕಿತ್ತು. ಮೊದಲು ಪಾಲಿಯಲ್ಲಿ, ಆಮೇಲೆ ನನಗಾಗಿ ಕನ್ನಡದಲ್ಲಿ. ಜೀವ ತೆಗೆಯುವುದಿಲ್ಲ. ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ. ಮೂರನೆಯದಕ್ಕೆ ಬಂದಾಗ ಹೆಂಗಸಿನ ಎದುರು ಸಂಕೋಚವಾಗಿ, ಅದು ನಿಮಗೆ ಗೊತ್ತಿರುವುದೇ ಎಂದು ಹಾರಿಸಿಬಿಟ್ಟರು. ನಾಲ್ಕನೆಯದು, ಸುಳ್ಳು ಹೇಳುವುದಿಲ್ಲ. ಐದನೆಯದು, ಅಮಲು ಮಾಡುವುದಿಲ್ಲ. ಹಾಗಾದರೆ ಜಿರಳೆಗೆ ಸ್ಪ್ರೇ ಹೊಡೆಯಬಾರದಾ ಎಂದು ಕೇಳಿದ್ದಕ್ಕೆ, ಜಿರಳೆ ಬಂದಾಗ ನೋಡೋಣ ಎಂದು ನಕ್ಕಿದ್ದರು. ಈ ಐದರಲ್ಲಿ ತಮಗೆ ಭಾರ ಅನ್ನಿಸುವುದು ನಾಲ್ಕನೆಯದೇ ಎಂದು ಒಮ್ಮೆ ಹೇಳಿದ್ದರು. ಊರು ಕೇಳಿದರೆ, ಕುಲ ಕೇಳಿದರೆ ಸುಳ್ಳು ಹೇಳಿ ಬಾಡಿಗೆ ಮನೆ ಹಿಡಿದ ಕಾಲವಿತ್ತಂತೆ. ವಿಹಾರಕ್ಕೆ ಹೋಗಲು ಸುರು ಮಾಡಿದ ಮೇಲೆ ಒಂದು ಸುಳ್ಳೂ ಹೇಳಿಲ್ಲ ಎಂದರು. ಅದೊಂದು ವಿಷಯದಲ್ಲಿ ಮಾತ್ರ ಅವರಿಗೆ ಸ್ವಲ್ಪ ಹೆಮ್ಮೆ ಇತ್ತು.

ಆಮೇಲೆ ಉಸಿರು. ಬಂತು ಎಂದು ಗೊತ್ತಿರಬೇಕು, ಹೋಯಿತು ಎಂದು ಗೊತ್ತಿರಬೇಕು, ಅಷ್ಟೇ. ನನಗೆ ಉಸಿರು ಕಾಣಿಸುತ್ತಿರಲಿಲ್ಲ; ನೆನೆಹಾಕಿದ ಉದ್ದು, ಮಗನ ಫೀಸು, ಕಿವಿಯ ಸುಯ್ಯೆನ್ನುವುದು ಇವೇ. ಒಂದು ತಿಂಗಳಾದರೂ ಸದ್ದು ಹೋಗಲಿಲ್ಲ ಎಂದು ದೂರಿದೆ.

"ಅದು ಹೋಗಂಗಿಲ್ರಿ. ನೀವು ಅದರ ಬೆನ್ನು ಹತ್ತಿ ಹೋಗೋದು ಬಿಡ್ತೀರಿ" ಎಂದರು.

ನಿಜವಾಗಿಯೂ, ಯಾವುದೋ ಒಂದು ದಿನ, ಹತ್ತು ನಿಮಿಷದಲ್ಲಿ ಎರಡು ನಿಮಿಷದಷ್ಟು ನಾನು ಅದರ ಬೆನ್ನು ಹತ್ತಲಿಲ್ಲ. ಕಣ್ಣು ಬಿಟ್ಟಾಗ ಗ್ರಿಲ್ಲಿನ ಆಚೆ ಕಾಕಾ ಇನ್ನೂ ಕಣ್ಣು ಮುಚ್ಚಿ ಕುಳಿತಿದ್ದರು. ನನಗೆ ಅಳು ಬಂತು. ಅಷ್ಟು ಸಂತೋಷ ಈ ಮನೆಯಲ್ಲಿ ನನಗೆ ಅಪರೂಪ.

ಏಳೆಂಟು ತಿಂಗಳು ಹೀಗೆ ನಡೆಯಿತು. ಆಮೇಲೆ ಮೂರನೇ ಮಹಡಿಯವರ ಮಗನ ಹೊಸ ಗೇರ್ ಸೈಕಲ್ ಕಾಣೆಯಾಯಿತು. ಯಾವಾಗ ಹೋಯಿತೆಂದು ಯಾರಿಗೂ ಗೊತ್ತಿಲ್ಲ. ಅದೇ ಸಂಜೆ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ಸೈಕಲ್ ಕಳೆದುಕೊಂಡ ಹೆಂಗಸು ಹಿಂದೆ ಯಾವತ್ತೋ ಬಾಲ್ಕನಿಯಿಂದ ತೆಗೆದದ್ದು. ಬಾದಾಮಿ ಮರದ ಕೆಳಗೆ, ನಮ್ಮ ಕಿಟಕಿಗೆ ಎದುರಾಗಿ, ಕುರ್ಚಿಯಲ್ಲಿ ಕಣ್ಣು ಮುಚ್ಚಿದ ಕಾಕಾ. ಕಿಟಕಿಯ ಮೇಲೆ ಸ್ಟೀಲ್ ಗ್ಲಾಸು. ಹಗಲು ಹನ್ನೊಂದಕ್ಕೇ ನಿದ್ದೆ ಮಾಡುವ ವಾಚ್‌ಮನ್ ಎಂದು ಕೆಳಗೆ ಬರೆದಿದ್ದರು.

ನಾನು ಉತ್ತರ ಬರೆದೆ. ಅಳಿಸಿದೆ. ಮತ್ತೆ ಬರೆದೆ. ನಮ್ಮವರು ಕೆಟ್ಟವರಲ್ಲ, ಎಲ್ಲ ಕೇಳಿಸಿಕೊಂಡು, ಗಂಡ ಇಲ್ಲದ ಹೊತ್ತಿನಲ್ಲಿ ವಾಚ್‌ಮನ್ ಜೊತೆ ಕಣ್ಣು ಮುಚ್ಚಿ ಕುಳಿತಿದ್ದೆ ಎಂದು ಬರೆದರೆ ಯಾರು ಯಾವ ಅರ್ಥ ಮಾಡಿಕೊಳ್ಳುತ್ತಾರೆ, ನೀನೇ ಯೋಚಿಸು ಎಂದರು. ಯೋಚಿಸಿದೆ. ಅಳಿಸಿದೆ.

ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಮೀಟಿಂಗು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನಾವು, ಎದುರು ನಿಂತದ್ದು ಕಾಕಾ. ಭಾನುವಾರ ಅವರು ವಿಹಾರಕ್ಕೆ ಹೋಗುವ ದಿನ, ಬಿಳಿ ಅಂಗಿ ಹಾಕಿದ್ದರು. ಚಹಾ ಸಪ್ಲೈಯೂ ಇದೆಯಲ್ಲ ಎಂದು ಯಾರೋ ಅಂದರು, ಕೆಲವರು ನಕ್ಕರು. ಸೆಕ್ರೆಟರಿ ನನ್ನ ಕಡೆ ತಿರುಗಿ ಮರ್ಯಾದೆಯಿಂದಲೇ ಕೇಳಿದರು: ಭಾಭೀಜಿ, ನಿಮ್ಮ ಕಿಟಕಿ, ದಿನಾ ಈ ಹೊತ್ತಿಗೆ ಇವನು ಮಲಗುತ್ತಿದ್ದನೇ, ನೀವು ನೋಡಿದ್ದೀರಾ?

ನಾನು ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಅಷ್ಟನ್ನೇ ಹೇಳಿದರೂ ಸಾಕಿತ್ತು, ಮುಂದಿನದು ತಾನಾಗಿ ಬರುತ್ತಿತ್ತು. ಬಾಯಿ ತೆರೆದೆ. ಪಕ್ಕದಲ್ಲಿ ನಮ್ಮವರು ಮೊಣಕೈ ಹಿಡಿದರು. ಕಿವಿಯ ಸದ್ದು ತಲೆಯೆಲ್ಲ ತುಂಬಿತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಕಾಕಾ ಮಾತ್ರ ನೋಡುತ್ತಿರಲಿಲ್ಲ.

"ಹಾಂ ಸಾಬ್, ಆಂಖ್ ಲಗ್ ಗಯೀ ಥೀ" ಎಂದುಬಿಟ್ಟರು. ಹೌದು, ನಿದ್ದೆ ಹತ್ತಿತ್ತು ಎಂದು. ದಿನಾ ಹಾಗೇ ಆಗುತ್ತಿತ್ತು, ವಯಸ್ಸಾಯಿತು, ಅವರನ್ನು ಕೇಳಬೇಡಿ ಎಂದೂ ಸೇರಿಸಿದರು.

ನಾಲ್ಕನೆಯದು... ನನಗಾಗಿ, ಅಷ್ಟು ಜನರೆದುರು, ಬಿಳಿ ಅಂಗಿಯಲ್ಲಿ.

ನಾನು ಬಾಯಿ ಮುಚ್ಚಿಕೊಂಡೆ. ಸೆಕ್ರೆಟರಿ ಅವರಿಗೆ ನಾಳೆಯೇ ಜಾಗ ಖಾಲಿ ಮಾಡು ಎಂದು ಹೇಳಿ ಮುಂದಿನ ವಿಷಯಕ್ಕೆ ಹೋದರು. ಲಿಫ್ಟಿನ ರಿಪೇರಿ ಎಂದು ನೆನಪು. ಕಾಕಾರ ಆ ಬೆನ್ನಿಗೆ ಕುಳಿತು ಮಾಡುವ ಕೆಲಸ ಅದೊಂದೇ, ತಲೆಯ ಮೇಲೆ ಸೂರು ಎಂದು ಇದ್ದದ್ದೂ ಆ ಪಂಪ್‌ರೂಮೊಂದೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಲಿಫ್ಟಿನ ವಿಷಯಕ್ಕೆ ಕೈ ಎತ್ತಿದೆ.

ಮರುದಿನ ಹನ್ನೊಂದಕ್ಕೆ ಅವರು ಟ್ರಂಕು ಹಿಡಿದುಕೊಂಡು ಕಿಟಕಿಯ ಹತ್ತಿರ ಬಂದರು. ನಾನು ಪರದೆಯ ಹಿಂದೆ ನಿಂತಿದ್ದೆ. ಅವರಿಗೆ ಗೊತ್ತಿತ್ತು. ಗ್ಲಾಸಿಗೆ ಧೂಳು ಕೂತಿತ್ತೇನೋ, ನಲ್ಲಿ ಬಿಟ್ಟು ತೊಳೆದ ಸದ್ದು ಕೇಳಿಸಿತು. ಕಲ್ಲಿನ ಮೇಲೆ ಬೋರಲಾಗಿ ಇಟ್ಟರು.

"ಬರ್ತೀನ್ರಿ ಅಕ್ಕಾರ. ಕೂಡೋದು ಬಿಡಬ್ಯಾಡ್ರಿ" ಎಂದರು.

ಪರದೆ ಸರಿಸಲು ಕೈ ಬರಲಿಲ್ಲ. ಅವರು ಹೋದ ಮೇಲೆ ತುಳಸಿ ಕುಂಡವನ್ನು ಎಳೆದು ಆ ಗ್ಲಾಸಿಗೆ ಮರೆ ಮಾಡಿದೆ.

ವಾರ ಕಳೆದ ಮೇಲೆ ಸೈಕಲ್ ಸಿಕ್ಕಿತು, ಟ್ಯೂಷನ್ ಕ್ಲಾಸಿನ ಹಿಂದೆ. ಹುಡುಗ ಅಲ್ಲಿ ಬಿಟ್ಟು ಗೆಳೆಯನ ಬೈಕಿನಲ್ಲಿ ಬಂದು ಮರೆತಿದ್ದ. ಗ್ರೂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು. ಯಾರೂ ಮತ್ತೇನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ಒಂದು ಭಾನುವಾರ ಯಾರಿಗೂ ಹೇಳದೆ ಥಾಣೆಯಲ್ಲಿ ಲೋಕಲ್ ಬದಲಿಸಿ ಕಲ್ಯಾಣಕ್ಕೆ ಹೋದೆ. ಸ್ಟೇಶನ್ನಿನ ಹೊರಗೆ ರಿಕ್ಷಾದವನು ಎಲ್ಲಿಗೆ ಎಂದ. ವಿಹಾರಕ್ಕೆ ಎಂದೆ. ಯಾವ ವಿಹಾರ, ಇಲ್ಲಿ ಕೇರಿಗೊಂದು ಇದೆ, ಯಾರನ್ನು ನೋಡಬೇಕು ಎಂದ. ಆಗ ಗೊತ್ತಾಯಿತು, ನನಗೆ ಅವರ ಹೆಸರೇ ಗೊತ್ತಿಲ್ಲ. ಸೊಸೈಟಿಯಲ್ಲಿ ಎಲ್ಲರಿಗೂ ಅವರು ವಾಚ್‌ಮನ್, ನನಗೆ ಕಾಕಾ. ನನ್ನ ಕಿವಿಯ ಕಥೆ, ಮಗನ ಕಥೆ, ತವರಿನ ಕಥೆ ಎಲ್ಲ ಹೇಳಿಕೊಂಡಿದ್ದೆ. ಹೆಸರು ಕೇಳಿರಲಿಲ್ಲ. ಮುಂದಿನ ಗಾಡಿಗೆ ವಾಪಸು ಬಂದೆ.

ಈಗಿರುವ ವಾಚ್‌ಮನ್ನರಿಗೆ ಕುರ್ಚಿ ಇಲ್ಲ. ಆ ಮೀಟಿಂಗಿನಲ್ಲೇ ತೆಗೆಸಿದರು. ದಿನವಿಡೀ ಗೇಟಿನ ಬಳಿ ಕಾಲು ಬದಲಿಸುತ್ತಾ ನಿಂತಿರುತ್ತಾರೆ. ಮೂರು ತಿಂಗಳಿಗೊಬ್ಬರು ಬದಲಾಗುತ್ತಾರೆ.

ಕಳೆದ ವಾರ ಗ್ರಿಲ್ ಕಿತ್ತುಕೊಂಡು ಹೋದವರು ಹೊಸದನ್ನು ನಾಳೆ ಹಾಕುತ್ತೇವೆ ಎಂದು ಹೋದರು. ಕಿಟಕಿ ಬಟಾಬಯಲಾಗಿತ್ತು. ಒಬ್ಬ ಮನುಷ್ಯ ಆರಾಮವಾಗಿ ಒಳಗೆ ಬರುವಷ್ಟು ಜಾಗ. ಗ್ಲಾಸನ್ನು ತೊಳೆದು ಅಡುಗೆಮನೆಯಲ್ಲಿ ಉಳಿದ ಐದರ ಜೊತೆ ಇಟ್ಟೆ. ಆರೂ ಒಂದೇ ಸೆಟ್ಟಿನವು. ಇಟ್ಟ ಮರುಗಳಿಗೆ ಯಾವುದು ಅದು ಎಂದು ನನಗೇ ತಿಳಿಯಲಿಲ್ಲ. ಇಷ್ಟು ಸುಲಭದ ಕೆಲಸ ಆಗ ಯಾಕೆ ಆಗಲಿಲ್ಲವೋ...

ಆಮೇಲೆ ಚಾಪೆ ಹಾಕಿ ಕುಳಿತೆ. ನಾನು ಕೂರುವುದು ಬಿಟ್ಟಿಲ್ಲ, ಅದೊಂದು ಮಾತು ಉಳಿಸಿಕೊಂಡಿದ್ದೇನೆ. ಜೀವ ತೆಗೆಯುವುದಿಲ್ಲ ಎಂದೆ. ಕೊಡದೇ ಇರುವುದನ್ನು ತೆಗೆದುಕೊಳ್ಳುವುದಿಲ್ಲ ಎಂದೆ. ಮೂರನೆಯದನ್ನು ಅವರ ಹಾಗೆಯೇ ಹಾರಿಸಿದೆ. ನಾಲ್ಕನೆಯದಕ್ಕೆ ದಿನಾ ಆಗುವ ಹಾಗೆ ನಾಲಿಗೆ ನಿಂತುಹೋಯಿತು. ಅದನ್ನು ನನಗಾಗಿ ಮುರಿದುಕೊಂಡವರು ಈಗ ಎಲ್ಲಿ, ಯಾವ ಗೇಟಿನಲ್ಲಿ ಆ ಬೆನ್ನು ಹೊತ್ತು ನಿಂತಿದ್ದಾರೋ ಗೊತ್ತಿಲ್ಲ. ಹೋಗಿ ಕೇಳೋಣವೆಂದರೆ ಹೆಸರೂ ಗೊತ್ತಿಲ್ಲ.