ಯಾರ್ ಅವರು?

ಭೀಮಣ್ಣ ಸರ್ ಗಂಟೆ ಬಾರಿಸಿ ನನ್ನ ಬಾಯಿ ಮುಚ್ಚಿಸಿದರು, ಚರ್ಚಾಕೂಟದ ಬಹುಮಾನದ ಢಾಲನ್ನು ತಮ್ಮ ಜಾತಿಯ ಹುಡುಗಿಗೆ ಕೊಟ್ಟರು ಎಂದು ಅಥಣಿಯಲ್ಲಿ ಇಂದಿಗೂ ಹೇಳುತ್ತಾರೆ. ಢಾಲು ಕಳೆದುಕೊಂಡವನು ನಾನು. ಆದರೂ ಈ ಮಾತನ್ನು ಒಪ್ಪಲಾರೆ.

ಗಂಟೆ ಎತ್ತಿನ ಕೊರಳಿನದು. ವೇಳೆ ಮುಗಿದಾಗ ಎಲ್ಲ ನಿರ್ಣಾಯಕರೂ ಗಂಟೆ ಬಾರಿಸುತ್ತಾರೆ. ಸರ್ ಮಾತ್ರ ಭಾಷಣಕಾರ ‘ಅವರು’ ಎಂದಾಗಲೂ ಬಾರಿಸುತ್ತಿದ್ದರು. "ಯಾರ್ ಅವರು? ಒಂದ್ ಹೆಸರ ಹೇಳು, ಮುಂದ ಹೋಗು." ಮನೆಯಲ್ಲೂ ಇದೇ ಚಾಳಿ. ಹೆಂಡತಿ ರೇಗುತ್ತಿದ್ದರು: "ಮೊದ್ಲ ಅದನ್ನ ಒಯ್ದು ಎತ್ತಿಗೆ ಕಟ್ಟಿ ಬರ್ರಿ. ಅದಕ್ಕರ ಯಾವಾಗ ಬಾರಸ್ಬೇಕಂತ ಗೊತ್ತೈತಿ."

ಮಂಡಲ್ ವರದಿಯ ಗದ್ದಲದ ವರ್ಷ ನಮ್ಮ ವಿಷಯ ಮೀಸಲಾತಿ. ರಾಯಬಾಗದ ಸುನಂದಾ ಪರ, ನಾನು ವಿರೋಧ. ಮೊದಲ ಸಾಲಿನಲ್ಲಿ ಗೆಳೆಯ ಮಾರುತಿ. ದಿನವೂ ನನ್ನ ಸೈಕಲ್ಲಿನ ಹಿಂದೆ ಕೂತು ಕಾಲೇಜಿಗೆ ಬರುತ್ತಿದ್ದವನು. ಮೀಸಲು ಸೀಟಿಗೆ ಅರ್ಜಿ ಹಾಕಲಿದ್ದವನು.

"ಅವರು ನಮಗೆ ಬಾವಿ ಮುಟ್ಟಲು ಬಿಡಲಿಲ್ಲ" ಎಂದಳು ಸುನಂದಾ. ಗಂಟೆ.

"ಯಾರವ್ವಾ?"

"ನಮ್ಮೂರ ಗೌಡ್ರು ರೀ ಸರ್. ನಮ್ಮವ್ವನ ಕೊಡಾ ಒಡದಾರ."

"ಹೂಂ. ಮುಂದ ಹೇಳವ್ವಾ."

ನನ್ನ ಸರದಿ. "ಬುದ್ಧಿ ಇಲ್ಲದಿದ್ದರೂ ಅವರಿಗೆ ಸೀಟು ಸಿಗುತ್ತದೆ." ಗಂಟೆ.

"ಯಾರಿಗಪಾ?"

ನನಗೆ ಗೊತ್ತಿದ್ದದ್ದು ಒಂದೇ ಹೆಸರು, ಮಾರುತಿ. ನನಗೆ ಗಣಿತ ಹೇಳಿಕೊಡುತ್ತಿದ್ದವನೇ ಅವನು. ಮೊದಲ ಸಾಲಿನತ್ತ ನೋಡದೆ ತೊದಲಿದೆ: "ಹಂಗ... ಸಾಮಾನ್ಯವಾಗಿ ಹೇಳಿದ್ನಿ ರೀ ಸರ್."

"ಸಾಮಾನ್ಯಪ್ಪ ಅನ್ನಾಂವ ಯಾವೂರಾಂವ?"

ಸಭೆಯೆಲ್ಲ ನಕ್ಕಿತು.

ಆಮೇಲೆ ಸರ್ ನನ್ನನ್ನು ಹೊರಗೆ ಕರೆದು ಹೇಳಿದರು: "ಮೀಸಲಾತಿ ಬ್ಯಾಡ ಅನ್ನು, ಅದು ನಿನ್ನ ವಾದ. ಅದಕ್ಕ ನಾ ಅಂಕ ಕಡದಿಲ್ಲ. ಎದುರಿನವನ ಮಾರಿ ನೋಡಿ ಹೇಳಾಕ ಆಗದ ಮಾತು ಮೈಕಿನಾಗ ಯಾಕ ಹೇಳತಿ?"

ಗಂಟೆ ಇಬ್ಬರಿಗೂ ಒಂದೇ ಥರ ಬಾರಿಸಿತ್ತು. ಸುನಂದಾಳ ಬಳಿ ಉತ್ತರವಿತ್ತು, ನನ್ನ ಬಳಿ ಸಿಟ್ಟಿತ್ತು. ಸರ್ ಜಾತಿ ನೋಡಿ ಅವಳಿಗೆ ಢಾಲು ಕೊಟ್ಟರೆಂಬ ಕತೆಯನ್ನು ಊರಿಗೆ ಮೊದಲು ಹೇಳಿದವನು ನಾನೇ.

ಮಾರುತಿ ಅಂದು ಸಂಜೆಯೂ ಎಂದಿನಂತೆ ಸೈಕಲ್ ಹತ್ತಿದ. ಆ ಮಾತು ಮಾತ್ರ ಎಂದೂ ಎತ್ತಲಿಲ್ಲ.

ಕಳೆದ ತಿಂಗಳು ಸರ್ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಫೋಟೋದ ಪಕ್ಕ ಆ ಗಂಟೆ ಇಟ್ಟಿದ್ದರು. ನಾನು ಎದ್ದು, ಆ ಕತೆ ಸುಳ್ಳು, ಹುಟ್ಟಿಸಿದವನು ನಾನು ಎಂದೆ. ಮರಳಿ ಬಂದು, ಈಗ ಹಾರೂಗೇರಿಯಲ್ಲಿ ಗಣಿತ ಕಲಿಸುವ ಮಾರುತಿಯ ಪಕ್ಕ ಕೂತೆ. ಅವನು ಗಂಟೆಯನ್ನೇ ನೋಡುತ್ತಿದ್ದ. ಕೇಳಿದೆ:

"ಮಾರುತಿ, ಅವತ್ತ ನಾ ‘ಅವರು’ ಅಂದಾಗ, ಅದರಾಗ ನೀನೂ ಇದ್ದಿ ಅಂತ ನಿನಗ ಅನಿಸಿತ್ತೇನೋ?"