ಡ್ರಿಲ್ ಮಾಸ್ತರರು ಕೊಡಲೊಪ್ಪದ ಪಿರಿಯಡ್

ದಿಗ್ಗೇವಾಡಿಯ ಹೈಸ್ಕೂಲಿನಲ್ಲಿ ದುಂಡೇಶ ಚೌಗಲಾ ಅವರಿಗೆ ಇಪ್ಪತ್ತೆರಡು ವರ್ಷ ಸರ್ವಿಸ್ ಆಗಿತ್ತು. ಹಾಜರಿ ಪುಸ್ತಕದಲ್ಲಿ ಅವರು ದೈಹಿಕ ಶಿಕ್ಷಕರು, ಊರವರ ಬಾಯಲ್ಲಿ ಡ್ರಿಲ್ ಮಾಸ್ತರ. ಸ್ವಂತ ಊರು ಹೊಳೆಯಾಚೆಯ ಐನಾಪುರ. ಮನೆಯಲ್ಲಿ ನಾಲ್ಕು ಎಕರೆ ದ್ರಾಕ್ಷಿ ಇತ್ತು, ಅದನ್ನು ತಮ್ಮ ನೋಡಿಕೊಳ್ಳುತ್ತಿದ್ದ. ದುಂಡೇಶರು ಹರೆಯದಲ್ಲಿ ಖೋಖೋ ಆಡಿ ವಿಶ್ವವಿದ್ಯಾಲಯದ ತಂಡದವರೆಗೆ ಹೋಗಿದ್ದರು. ಓಡುವುದನ್ನು ಬಿಟ್ಟು ಬೇರೆ ಏನೂ ತನಗೆ ಬರುವುದಿಲ್ಲ ಎಂದು ತಿಳಿದೇ ಈ ನೌಕರಿ ಹಿಡಿದಿದ್ದರು. ದಿನಾ ಬೆಳಿಗ್ಗೆ ಬೈಕಿನ ಮೇಲೆ ಕೃಷ್ಣೆಯ ಸೇತುವೆ ದಾಟಿ ಬರುತ್ತಿದ್ದರು. ಗೇಟಿನೊಳಗೆ ಬಂದದ್ದೇ ಕೊರಳಿಗೆ ಸೀಟಿ ಬೀಳುತ್ತಿತ್ತು.

ಆಳು ಎತ್ತರ, ದನಿ ದೊಡ್ಡದು, ಆದರೆ ಸ್ವಭಾವ ಬಹಳ ಮೆತ್ತಗೆ. ಆ ಮೆತ್ತಗಿನ ಸ್ವಭಾವದಿಂದಲೇ ಅವರಿಗೊಂದು ಫಜೀತಿ ಅಂಟಿಕೊಂಡಿತ್ತು. ವೇಳಾಪಟ್ಟಿಯಲ್ಲಿ ಅವರ ಹೆಸರಿಗೆ ಇದ್ದ ಪಿರಿಯಡ್‌ಗಳು ಅವರ ಕೈಯಲ್ಲಿ ಉಳಿಯುತ್ತಿರಲಿಲ್ಲ. ಯಾರದಾದರೂ ಪಾಠ ಹಿಂದೆ ಬಿದ್ದರೆ ಅವರು ನೆಟ್ಟಗೆ ಆಟದ ಸಾಮಾನಿನ ಕೋಣೆಗೆ ಬಂದು, ಇವತ್ತೊಂದು ದಿನ ನಿಮ್ಮ ಪಿರಿಯಡ್ ಕೊಡಿ ಎನ್ನುತ್ತಿದ್ದರು. ದುಂಡೇಶರು ಹೂಂ ಎನ್ನುತ್ತಿದ್ದರು. ಡಿಸೆಂಬರ್ ದಾಟಿದರೆ ಹತ್ತನೆಯ ತರಗತಿಯವರು ಮೈದಾನದ ಮಣ್ಣು ತುಳಿಯುತ್ತಲೇ ಇರಲಿಲ್ಲ. ಹೀಗೆ ಕೇಳುವವರಲ್ಲಿ ಮೊದಲಿಗರು ಗಣಿತದ ವೃಷಭ ಉಪಾಧ್ಯೆ ಸರ್. ಅವರದು ಕೆಟ್ಟ ಮನಸ್ಸಲ್ಲ, ಮಕ್ಕಳು ಪಾಸಾಗಬೇಕೆಂಬ ಹಟ.

ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಯ ಫಲಿತಾಂಶ ಇಳಿಯಿತು. ಬಿದ್ದವರೆಲ್ಲ ಗಣಿತದಲ್ಲೇ ಬಿದ್ದಿದ್ದರು. ಶಾಲೆ ಶುರುವಾದ ಎರಡನೆಯ ವಾರ ಹೆಡ್‌ಮಾಸ್ತರ ಬಾಬಾಸಾಹೇಬ ಖೋತ ಅವರು ಶಿಕ್ಷಕರನ್ನು ಕರೆದು, ಏಳು ಪಿರಿಯಡ್ ಸಾಲುವುದಿಲ್ಲ, ಸಂಜೆ ನಾಲ್ಕೂವರೆಯಿಂದ ಐದೂಕಾಲರವರೆಗೆ ಎಂಟನೆಯದೊಂದು ಹಾಕೋಣ ಎಂದರು. ಆದರೆ ಅವರು ಎಲ್ಲರನ್ನೂ ಕೇಳಿಯೇ ಕೆಲಸ ಮಾಡುವವರು. ಮಕ್ಕಳ ಅಭಿಪ್ರಾಯವೂ ಬರಲಿ, ಶಿಕ್ಷಕರದೂ ಬರಲಿ, ಬರುವ ಶನಿವಾರದ ಮುಂದಿನ ಶನಿವಾರ ನಿರ್ಣಯ ಮಾಡೋಣ ಎಂದು, ಅಭಿಪ್ರಾಯ ಕೂಡಿಸುವ ಕೆಲಸ ಯಾರಿಗೆ ಕೊಡಲಿ ಎಂದು ಸುತ್ತ ನೋಡಿದರು. ಎಲ್ಲರೂ ದುಂಡೇಶರ ಕಡೆ ನೋಡಿದರು. ಡ್ರಿಲ್ ಮಾಸ್ತರರಿಗೆ ಪುರುಸೊತ್ತು ಇರುತ್ತದೆ ಎಂಬುದು ಆ ಶಾಲೆಯಲ್ಲಿ ಯಾರೂ ಪರೀಕ್ಷಿಸದ ಸತ್ಯವಾಗಿತ್ತು.

ದುಂಡೇಶರು ಅದಕ್ಕೂ ಹೂಂ ಎಂದರು.

ಮರುದಿನ ಇನ್ನೂರಾ ಹನ್ನೆರಡು ಮಕ್ಕಳಿಗೆ ಅರ್ಧರ್ಧ ಹಾಳೆ ಹಂಚಿ, ಹೆಸರು ಬರೆಯಬೇಡಿ, ಮನಸ್ಸಿನಲ್ಲಿದ್ದದ್ದು ಬರೆಯಿರಿ ಎಂದರು. ಚೀಟಿಗಳನ್ನೆಲ್ಲ ಒಂದು ವಾಲಿಬಾಲ್ ಚೀಲಕ್ಕೆ ತುಂಬಿಕೊಂಡು ಸಾಮಾನಿನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಓದಲು ಕೂತರು. ಓದುತ್ತ ಓದುತ್ತ ಒಬ್ಬರೇ ನಕ್ಕರು. ಒಬ್ಬ, ಶನಿವಾರ ತೆಗೆದರೆ ದಿನಕ್ಕೆ ಎರಡು ಪಿರಿಯಡ್ ಬೇಕಾದರೂ ಹಾಕಿ ಎಂದಿದ್ದ. ಒಬ್ಬ ಕನ್ನಡ ಅಕ್ಷರದಲ್ಲಿ ಮರಾಠಿಯ ‘ಚಾಲೇಲ್’ ಎಂದಷ್ಟೇ ಬರೆದು, ನಡೆಯುತ್ತದೆ ಬಿಡಿ ಎಂಬಂತೆ ಒಪ್ಪಿದ್ದ. ಒಬ್ಬನ ಚೀಟಿಯಲ್ಲಿ, ನಾನು ಐದಕ್ಕೆ ಮನೆಯಲ್ಲಿ ಇರದಿದ್ದರೆ ಎಮ್ಮೆ ಅವ್ವನಿಗೆ ಹಾಲು ಕೊಡುವುದಿಲ್ಲ, ನನಗಷ್ಟೇ ಕೊಡುತ್ತದೆ ಎಂಬ ಅಡಚಣೆ ಇತ್ತು. ಬಹಳ ಮಕ್ಕಳದು ಬಸ್ಸಿನ ಮಾತು. ತೋಟದ ವಸ್ತಿಗಳಿಗೆ ಹೋಗುವ ಬಸ್ಸು ನಾಲ್ಕೂ ಮುಕ್ಕಾಲಿಗೆ, ಅದು ತಪ್ಪಿದರೆ ಆರೂವರೆಗೆ. ಕಬ್ಬಿನ ಹಂಗಾಮಿನಲ್ಲಿ ಆ ಹೊತ್ತಿಗೆ ರಸ್ತೆ ತುಂಬ ಟ್ರ್ಯಾಕ್ಟರುಗಳು.

ಬೇಡ ಎಂದವರು ನೂರಾ ಹದಿನೆಂಟು. ಅದು ದುಂಡೇಶರು ನಿರೀಕ್ಷಿಸಿದ್ದೇ. ಆದರೆ ಬೇಕು ಎಂದವರು ಎಪ್ಪತ್ತೊಂದು ಇದ್ದರು, ಅದು ನಿರೀಕ್ಷಿಸಿದ್ದಲ್ಲ. ಅಕ್ಷರ ನೋಡಿದರೆ ಹೆಚ್ಚಿನವರು ಊರೊಳಗಿನ ಹೆಣ್ಣುಮಕ್ಕಳು. ಇವರಿಗೆ ಗಣಿತದ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು ಎಂದು ಅವರಿಗೆ ಸೋಜಿಗವಾಯಿತು. ಅಷ್ಟರಲ್ಲಿ ಕೈಗೊಂದು ಚೀಟಿ ಬಂತು.

‘ಹೊಸಾ ಪಿರಿಯಡ್ ಬೇಕ್ರಿ. ಮನಿಗೆ ಹೋದರ ಯಾರೂ ಕುಂದ್ರಾಕ ಕೊಡೂದಿಲ್ಲ. ಸಾಲ್ಯಾಗ ಕುಂತರ ಯಾರೂ ಏಳ ಅನ್ನೂದಿಲ್ಲ.’

ಹೆಸರಿಲ್ಲದಿದ್ದರೂ ಅಕ್ಷರ ಅವರಿಗೆ ಗೊತ್ತಿತ್ತು. ಒಂಬತ್ತನೆಯ ತರಗತಿಯ ಸೌಂದರ್ಯಾಳದು. ಪಂದ್ಯದ ದಿನ ಸ್ಕೋರು ಬರೆಯುವವಳು ಅವಳೇ. ಆಡು ಎಂದರೆ ಒಲ್ಲೆ ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಹುಡುಗಿ ಮೈಗಳ್ಳಿ ಎಂದು ದುಂಡೇಶರು ಎರಡು ವರ್ಷದಿಂದ ತಿಳಿದಿದ್ದರು. ಅವ್ವ ಬೋರಗಾಂವದ ಮಗ್ಗದ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುತ್ತಾಳೆ, ಅಜ್ಜಿಗೆ ವಯಸ್ಸಾಗಿದೆ, ಮನೆಯಲ್ಲಿ ನೀರು, ಮೇವು, ಪಾತ್ರೆ, ತಮ್ಮ, ಎಲ್ಲ ಇವಳದೇ ಎಂದು ವಿಚಾರಿಸಿದ ಮೇಲೆ ತಿಳಿಯಿತು. ಕೂತಿದ್ದ ಹುಡುಗಿಯನ್ನು ಎಷ್ಟು ಸಲ ಏಳಿಸಿದೆನಲ್ಲ ಎಂದು ಅವರಿಗೆ ಮನಸ್ಸಿಗೆ ಒಂಥರಾ ಆಯಿತು.

ಇನ್ನು ಶಿಕ್ಷಕರ ಅಭಿಪ್ರಾಯ. ವೃಷಭ ಸರ್ ಕೇಳುವ ಮೊದಲೇ ಬೇಕು ಎಂದರು, ದಿನಾ ಬೇಕು, ನನಗೇ ಬೇಕು. ಕನ್ನಡದ ಕೋಮಲ ಟೀಚರ್ ಚಿಕ್ಕೋಡಿಯಿಂದ ಓಡಾಡುವವರು, ಮನೆಯಲ್ಲಿ ಮೂರು ವರ್ಷದ ಮಗು. ಅವರು ಬೇಡವೆನ್ನಲಿಲ್ಲ, ಕೈಯಲ್ಲಿದ್ದ ಚಾಕ್‌ಪೀಸ್ ಡಬ್ಬಿ ಮುಚ್ಚುತ್ತ ಒಂದೇ ಮಾತು ಹೇಳಿದರು.

“ಇರೂ ಏಳು ಪಿರಿಯಡ್ ಪೂರಾ ನಡದ್ರ ಎಂಟನೇದ್ದು ಯಾಕ ಬೇಕಾಗಿತ್ರಿ ಸರ?”

ಆ ಮಾತು ದುಂಡೇಶರ ತಲೆಯಲ್ಲಿ ಕೂತುಬಿಟ್ಟಿತು. ಐನಾಪುರಕ್ಕೆ ಹೋಗುವವರೆಗೂ ಇಳಿಯಲಿಲ್ಲ. ಪಿರಿಯಡ್ ಪೂರಾ ನಡೆಯುತ್ತದೋ ಇಲ್ಲವೋ ಎಂದು ಅಳೆಯಬೇಕಾದರೆ ಅಳೆಯುವ ಸಾಮಾನು ತಮ್ಮ ಕಿಸೆಯಲ್ಲೇ ಇದೆಯಲ್ಲ ಎಂದು ಸೇತುವೆಯ ನಡುವೆ ಅವರಿಗೆ ಹೊಳೆಯಿತು. ಅದು ಓಟದ ಸ್ಪರ್ಧೆಗೆ ತಂದ ಸ್ಟಾಪ್‌ವಾಚ್.

ಮರುದಿನ ಮೊದಲು ತಮ್ಮದನ್ನೇ ಅಳೆದರು. ಗಂಟೆ ಹೊಡೆದ ಕೂಡಲೇ ಗುಂಡಿ ಒತ್ತಿದರು. ಮಕ್ಕಳು ಸಾಲಾಗಿ ಬಂದರು, ಸಾಲು ಕೆಡಿಸಿದರು, ಮತ್ತೆ ಸಾಲಾದರು. ಕೋಣೆಯ ಬೀಗದ ಕೈ ಹುಡುಕಾಯಿತು, ಚೆಂಡಿಗೆ ಗಾಳಿ ಹೊಡೆದಾಯಿತು. ಮೊದಲ ಸಲ ಸೀಟಿ ಊದಿದಾಗ ವಾಚಿನಲ್ಲಿ ಒಂಬತ್ತು ನಿಮಿಷ ಆಗಿತ್ತು. ದುಂಡೇಶರು ವಾಚು ಕೆಟ್ಟಿದೆಯೇ ಎಂದು ಕಿವಿಗೆ ಹಚ್ಚಿ ನೋಡಿದರು.

ಅವರ ಕೋಣೆಯ ಬಾಗಿಲು ಪಡಸಾಲೆಗೆ ತೆರೆಯುತ್ತಿತ್ತು, ಅಲ್ಲಿಂದ ಎಲ್ಲ ತರಗತಿಗಳೂ ಕಾಣುತ್ತಿದ್ದವು. ಒಂದು ವಾರ ಅವರು ಅಲ್ಲಿ ಕೂತು, ಹರಿದ ನೆಟ್ಟು ಹೊಲಿಯುವ ನೆವದಲ್ಲಿ, ಗಂಟೆ ಹೊಡೆದ ಮೇಲೆ ಪಾಠ ಶುರುವಾಗುವವರೆಗಿನ ಹೊತ್ತನ್ನು ಅಳೆದರು. ಒಬ್ಬರಿಗೆ ಚಹಾ ಮುಗಿದಿರುವುದಿಲ್ಲ, ಒಬ್ಬರಿಗೆ ಹಾಜರಿ, ಒಬ್ಬರಿಗೆ ಫೋನು. ಸಹೋದ್ಯೋಗಿಗಳ ಮೇಲೆ ಕಣ್ಣಿಟ್ಟ ಹಾಗಾಯಿತಲ್ಲ ಎಂದು ಸಂಕೋಚವಾಗಿ ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ವಾರದ ಕೊನೆಗೆ ಲೆಕ್ಕ ಸಿಕ್ಕಿತು. ಪಿರಿಯಡ್ಡಿಗೆ ಸರಾಸರಿ ಆರು ನಿಮಿಷ ಹಾಳು, ದಿನಕ್ಕೆ ನಲವತ್ತೆರಡು. ಹುಡುಕುತ್ತಿದ್ದ ಎಂಟನೆಯ ಪಿರಿಯಡ್ ಪಡಸಾಲೆಯಲ್ಲೇ ಬಿದ್ದಿತ್ತು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸಭೆ ಕೂಡಿತು. ಹೆಡ್‌ಮಾಸ್ತರರು ಚೀಟಿಗಳ ಲೆಕ್ಕ ಓದಿಸಿದರು. ಕಹಿ ಔಷಧಿ ಬೇಕೋ ಬೇಡವೋ ಎಂದು ಕೂಸನ್ನು ಯಾರು ಕೇಳುತ್ತಾರೆ ಎಂದು ವೃಷಭ ಸರ್ ತಮ್ಮ ವಾದ ಹೂಡಿದರು. ಇಬ್ಬರು ಮೂವರು ಹೌದೆಂದು ತಲೆಯಾಡಿಸಿದರು. ಮಾತು ಮುಗಿಯುವ ಹಂತಕ್ಕೆ ಬಂದಾಗ ದುಂಡೇಶರು ಎದ್ದು ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಅವರು ಸಭೆಯಲ್ಲಿ ಎದ್ದು ನಿಂತದ್ದು ಫೋಟೋ ತೆಗೆಸಿಕೊಳ್ಳಲು ಮಾತ್ರ. ಬಾಯಿ ತೆರೆದರೆ ಮೈದಾನದ ದನಿಯೇ ಹೊರಬಿತ್ತು, ಮುಂದೆ ಕೂತಿದ್ದ ಕೋಮಲ ಟೀಚರ್ ಬೆಚ್ಚಿದರು. ಎಲ್ಲರೂ ನಕ್ಕರು. ಆ ನಗೆಯಿಂದ ಅವರಿಗೆ ತುಸು ಧೈರ್ಯವೂ ಬಂತು.

“ಗಂಟಿ ಹೊಡದಮ್ಯಾಲ ನನ್ನ ಪಿರಿಯಡ್ ಚಾಲೂ ಆಗಾಕ ಒಂಬತ್ತು ನಿಮಿಷ ಬೇಕ್ರಿ ಸರ,” ಎಂದರು. “ನಾ ಅಳದ ನೋಡೇನಿ. ಎಲ್ಲಾರಕಿಂತ ನಂದ ಜಾಸ್ತಿ ಹಾಳಾಗತೈತಿ.”

ಎಲ್ಲಾರಕಿಂತ ಎಂದರೆ ಎಲ್ಲರದನ್ನೂ ಅಳೆದಿದ್ದಾರೆ ಎಂಬುದು ನಿಧಾನವಾಗಿ ಒಬ್ಬೊಬ್ಬರಿಗೂ ತಿಳಿಯಿತು. ವೃಷಭ ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನಂದೆಷ್ಟ ಐತ್ರಿ?”

“ನಿಮ್ದು ನಾಕರಿ. ಎಲ್ಲಾರಕಿಂತ ಕಡಿಮಿ.”

ವೃಷಭ ಸರ್‌ಗೆ ನಗೆ ತಡೆಯಲಾಗಲಿಲ್ಲ. ನಾಲ್ಕು ನಿಮಿಷವಾದರೂ ಯಾಕೆ ಹಾಳಾಗಬೇಕು ಎಂದು ತಾವೇ ಎದ್ದು ಹೋಗಿ ಹಲಗೆಯ ಮೇಲೆ ಲೆಕ್ಕ ಬಿಡಿಸಿದರು. ನಲವತ್ತೈದು ನಿಮಿಷದ ಏಳು ಪಿರಿಯಡ್ ಅಂದರೆ ಮುನ್ನೂರಾ ಹದಿನೈದು. ನಲವತ್ತು ನಿಮಿಷದ ಎಂಟು ಮಾಡಿದರೆ ಮುನ್ನೂರಾ ಇಪ್ಪತ್ತು. ಗಂಟೆ ಹೊಡೆದ ಕೂಡಲೇ ಎಲ್ಲರೂ ಒಳಗಿದ್ದರೆ ಕಲಿಕೆಗೆ ಏನೂ ಕಡಿಮೆಯಾಗುವುದಿಲ್ಲ, ಬಸ್ಸೂ ತಪ್ಪುವುದಿಲ್ಲ. ಬೇಕಾದದ್ದು ಐದೇ ನಿಮಿಷ. ಆ ಐದು ನಿಮಿಷ ಎಲ್ಲಿಂದ ತರುವುದು ಎಂದು ಯಾರೋ ಕೇಳಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು. ಪ್ರಾರ್ಥನೆಯ ನಂತರ ದಿನಾ ಹೆಡ್‌ಮಾಸ್ತರರು ಮಾಡುವ ಭಾಷಣ. ಬಾಬಾಸಾಹೇಬರು ಎಲ್ಲರ ಮುಖ ನೋಡಿ, ತಾವೇ ಅರ್ಥ ಮಾಡಿಕೊಂಡು, ಆಗಲಿ, ನನ್ನದರಲ್ಲಿ ಐದು ಹಿಡಿಯಿರಿ ಎಂದರು.

ಇನ್ನು ಎಂಟನೆಯದು ಯಾರಿಗೆ ಎಂಬ ಪ್ರಶ್ನೆ. ವೃಷಭ ಸರ್ ಆಗಲೇ ಹಲಗೆಯ ಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ‘ಗಣಿತ’ ಎಂದು ಬರೆಯತೊಡಗಿದ್ದರು. ಮಂಗಳವಾರಕ್ಕೆ ಬಂದಾಗ ದುಂಡೇಶರು ತಡೆದರು.

“ವೃಷಭ ಸರ, ನೀವ ಕೇಳಿದಾಗೆಲ್ಲಾ ನಾ ಕೊಟ್ಟೇನಿ. ಈ ಸಲ ಮಂಗಳವಾರ ಗುರುವಾರ ಕೊಡೂದಿಲ್ರಿ.”

ಸಿಟ್ಟಿನಿಂದ ಹೇಳಿದ್ದಲ್ಲ. ಆದರೂ ಆ ಕೊಡುವುದಿಲ್ಲ ಎಂಬ ಶಬ್ದ ಅವರ ಬಾಯಿಂದ ಬಂದದ್ದು ಕೇಳಿ ಅವರಿಗೇ ವಿಚಿತ್ರ ಎನಿಸಿತು. ವೃಷಭ ಸರ್ ಮಂಗಳವಾರದ ‘ಗಣಿತ’ವನ್ನು ಅಂಗೈಯಿಂದ ಒರೆಸಿ ‘ಆಟ’ ಎಂದು ಬರೆದರು, ಗುರುವಾರಕ್ಕೂ ಹಾಗೆಯೇ ಬರೆದರು. ಆಟದ ಪಿರಿಯಡ್ ಯಾರೂ ಕಡ ಕೇಳಬಾರದು ಎಂದು ಹೆಡ್‌ಮಾಸ್ತರರು ನಡಾವಳಿಯಲ್ಲಿ ಬರೆಸಿದರು.

ಎಲ್ಲರೂ ಖುಷಿಯಾಗಿ ಎದ್ದರು, ದುಂಡೇಶರು ಮಾತ್ರ ಚೀಲ ಹಿಡಿದು ಕೂತೇ ಇದ್ದರು. ಬೇಡ ಎಂದ ನೂರಾ ಹದಿನೆಂಟು ಮಂದಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಸಿಕ್ಕಿತು. ಬೇಕು ಎಂದ ಎಪ್ಪತ್ತೊಂದು ಮಂದಿಗೆ ಏನು ಸಿಕ್ಕಿತು? ಅವರು ಕೇಳಿದ್ದು ಪಾಠವನ್ನಲ್ಲ, ಹೊತ್ತನ್ನು. ದುಂಡೇಶರು ಹೆಡ್‌ಮಾಸ್ತರರ ಕೋಣೆಗೆ ಹೋಗಿ, ಊರೊಳಗಿನ ಮಕ್ಕಳಿಗಾಗಿ ಐದೂವರೆತನಕ ಮೈದಾನ ತೆರೆದಿಡುತ್ತೇನೆ, ಯಾರಿಗೂ ಕಡ್ಡಾಯವಿಲ್ಲ, ಜವಾಬ್ದಾರಿ ನನ್ನದು ಎಂದರು. ಬಾಬಾಸಾಹೇಬರು, ನಿಮ್ಮ ಮನೆಯಲ್ಲಿ ಕೇಳಿದ್ದೀರೋ ಎಂದಷ್ಟೇ ಕೇಳಿದರು. ಮನೆಯಲ್ಲಿ ಹೆಂಡತಿ ಶೈಲಾ, ಅಂಗಳದಲ್ಲಿ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಪೂರ್ತಿ ಕತೆ ಕೇಳಿ, ಇಪ್ಪತ್ತೆರಡು ವರ್ಷಕ್ಕಾದರೂ ಬಾಯಿ ಬಿಟ್ಟಿರಲ್ಲ, ತಡವಾಗಿ ಬಂದರೆ ಬರಲಿ ಎಂದಳು.

ಮೊದಲ ದಿನ ಒಂಬತ್ತು ಹುಡುಗಿಯರು ಉಳಿದರು, ಮೂರನೆಯ ದಿನಕ್ಕೆ ಮೂವತ್ತಾದರು. ಕೆಲವರು ಖೋಖೋ ಆಡಿದರು, ಕೆಲವರು ಬೇವಿನ ಕಟ್ಟೆಯ ಮೇಲೆ ಪುಸ್ತಕ ತೆರೆದರು, ಕೆಲವರು ಏನೂ ಮಾಡದೆ ಹರಟೆ ಹೊಡೆದರು. ಸೌಂದರ್ಯಾ ಕಾಲು ಚಾಚಿ ಕಂಬಕ್ಕೆ ಒರಗಿ ಕೂತಳು. ದುಂಡೇಶರು ಅವಳಿಗೆ ಆಡು ಎನ್ನಲಿಲ್ಲ, ಓದು ಎನ್ನಲಿಲ್ಲ. ಅವಳ ಪಕ್ಕದಿಂದ ಹಾದರೂ ಏನೂ ಕಾಣದವರ ಹಾಗೆ ಹೋದರು.

ನಾಲ್ಕನೆಯ ದಿನ ಅವಳ ಅಜ್ಜಿ ಶಿವಗಂಗವ್ವ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಬಂದಳು.

“ಮಾಸ್ತರ, ಬಸ್ಸಿನ ಹುಡುಗ್ರೆಲ್ಲಾ ಮನಿ ಮುಟ್ಯಾವು. ನಮ್ಮ ಹುಡುಗಿನ್ನ ಏನ ಮಾಡಾಕ ಇಟ್ಕೊಂಡೀರಿ?”

ದುಂಡೇಶರು ಸುಳ್ಳು ಹೇಳಬಾರದೆಂದು ನಿಜವನ್ನೇ ಹೇಳಿದರು. “ಏನೂ ಮಾಡಾಕಲ್ಲ ಯವ್ವಾ. ತಾಸಹೊತ್ತ ಸುಮ್ಕ ಕುಂದರ್ಲಿ ಅಂತ.”

ಮುದುಕಿ ಕಟ್ಟೆಯ ಕಡೆ ನೋಡಿದಳು. ಮೊಮ್ಮಗಳು ಯಾರದೋ ಮಾತಿಗೆ ಬಾಯಿ ತೆರೆದು ನಗುತ್ತಿದ್ದಳು. ಶಿವಗಂಗವ್ವ, ನನಗೂ ಆ ವಯಸ್ಸಿನಲ್ಲಿ ಯಾರಾದರೂ ಹೀಗೆ ಕೂರಿಸಿದ್ದರೆ ಚಲೋ ಇತ್ತು ಎಂಬರ್ಥದ್ದೇನೋ ಗೊಣಗಿ, ತಾನೂ ನೆಲಕ್ಕೆ ಕೈಯೂರಿ ಗೋಡೆಗೆ ಒರಗಿ ಕೂತಳು.

ದಸರೆಯ ಹೊತ್ತಿಗೆ ಸೌಂದರ್ಯಾ ಒಂದು ಸಂಜೆ ತಾನಾಗಿಯೇ ಎದ್ದು ಚಪ್ಪಲಿ ಬಿಟ್ಟು ಅಂಕಣಕ್ಕೆ ಇಳಿದಳು. ನೀರು ಹೊತ್ತು ಗಟ್ಟಿಯಾದ ಕಾಲು, ಹಿಡಿಯುವವರಿಗೆ ಸಿಗುತ್ತಿರಲಿಲ್ಲ. ರಾಯಬಾಗದ ತಾಲೂಕು ಪಂದ್ಯದಲ್ಲಿ ದಿಗ್ಗೇವಾಡಿಯ ಹುಡುಗಿಯರು ಸೆಮಿಫೈನಲ್‌ವರೆಗೆ ಹೋಗಿ ಸೋತು ಬಂದರು. ಹೋದ ಟೆಂಪೊದಲ್ಲಿ ಹಾಡಿದ್ದಕ್ಕಿಂತ ಬಂದ ಟೆಂಪೊದಲ್ಲಿ ಹೆಚ್ಚು ಹಾಡಿದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕಗಳೂ ಏರಿದವು. ಅದು ಎಂಟನೆಯ ಪಿರಿಯಡ್ಡಿನಿಂದಲೋ, ಮೊದಲಿನ ಏಳು ಸರಿಯಾಗಿ ನಡೆದದ್ದರಿಂದಲೋ ಎಂದು ವೃಷಭ ಸರ್ ಮತ್ತು ಕೋಮಲ ಟೀಚರ್ ನಡುವೆ ಇನ್ನೂ ವಾದ ನಡೆದಿದೆ.

ಶಿವಗಂಗವ್ವ ಈಗ ಮೊಮ್ಮಗಳನ್ನು ಕರೆದೊಯ್ಯಲು ಐದೂವರೆಗೆ ಬರುವುದಿಲ್ಲ, ಐದಕ್ಕೇ ಬರುತ್ತಾಳೆ. ಬರುವಾಗ ನೆರೆಮನೆಯ ಇಬ್ಬರನ್ನು ಜೊತೆಗೆ ತರುತ್ತಾಳೆ. ಮೂವರೂ ಗೋಡೆಯ ನೆರಳಿಗೆ ಕೂತು ಎಲೆಯಡಿಕೆ ಹಾಕಿಕೊಂಡು, ಯಾರು ತಪ್ಪು ದಿಕ್ಕಿಗೆ ಓಡಿದರು ಎಂದು ದುಂಡೇಶರಿಗೆ ಹೇಳಿಕೊಡುತ್ತಾರೆ. ದುಂಡೇಶರು ಅದಕ್ಕೆಲ್ಲ ಹೂಂ ಎನ್ನುತ್ತಾರೆ.